ತಿದಿಯನ್ನು ನೋಡುವ ಸೆನ್ಸರ್: ರಂಗಸಂಗೀತಕ್ಕಾಗಿ ಕೊಂಡ ಮೂರು ಬಿಡಿಭಾಗಗಳು

ಹಾರ್ಮೋನಿಯಂ ನುಡಿಸುವವನ ಬಲಗೈ ಸ್ವರದ ಮನೆಗಳ ಮೇಲಿರುತ್ತದೆ, ಎಡಗೈ ಗಾಳಿ ತುಂಬುವ ತಿದಿಯ ಮೇಲಿರುತ್ತದೆ. ನಾಟಕಕ್ಕೆ ಸಂಗೀತ ಕೊಡುವಾಗ ಇವೆರಡೇ ಸಾಲುವುದಿಲ್ಲ. ತಂಬೂರಿಯ ನಾದ, ಮಳೆಯ ಸದ್ದು, ದೂರದ ಗುಡುಗು ಇವೆಲ್ಲ ಈಗ ಲ್ಯಾಪ್‌ಟಾಪಿನಲ್ಲಿ ಇರುತ್ತವೆ. ಅವನ್ನು ಏರಿಸಿ ಇಳಿಸುವ ಕೆಲಸವನ್ನು ಸಭಾಂಗಣದ ಹಿಂಬದಿಯಲ್ಲಿ ಮಿಕ್ಸರ್ ಎದುರು ಕುಳಿತವರಿಗೆ ಬಿಟ್ಟರೆ, ನಟ ಮಾತು ಮುಗಿಸಿ ಉಸಿರು ಬಿಟ್ಟ ಮೇಲೆ ಸದ್ದು ಏಳುತ್ತದೆ. ಆ ಅರ್ಧ ಕ್ಷಣದ ತಡ ನನಗೆ ಸಹಿಸಲಾಗದ ಸಂಗತಿ. ಹಳೆಯ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂನಲ್ಲಿ ತಿದಿಯನ್ನು ಕಾಲಿನಿಂದ ಒತ್ತುತ್ತಿದ್ದರು, ಎರಡೂ ಕೈಗಳು ಬಿಡುವಾಗಿರುತ್ತಿದ್ದವು. ನನ್ನದು ಕೈಪೆಟ್ಟಿಗೆ. ಹಾಗಾಗಿ, ಕೈಗೆ ಹೊಸ ಕೆಲಸ ಕೊಡದೆ ಕೈ ಈಗಾಗಲೇ ಮಾಡುತ್ತಿರುವ ಕೆಲಸವನ್ನೇ ಓದಿಕೊಳ್ಳುವ ಸಾಧನ ಬೇಕಿತ್ತು.

ಶಿವಮೊಗ್ಗದ ಹವ್ಯಾಸಿ ತಂಡವೊಂದರಲ್ಲಿ ನಾನು ಮೇಳದವನು, ಎಂದರೆ ವಾದ್ಯ ನುಡಿಸುವವರಲ್ಲಿ ಒಬ್ಬ. ಎಲೆಕ್ಟ್ರಾನಿಕ್ಸ್ ಓದಿದ ಅಕ್ಕನ ಮಗ ಬೆಸುಗೆ ಹಾಕಿಕೊಟ್ಟ, ಬುದ್ಧಿ ನಾವಿಬ್ಬರೂ ಸೇರಿ ಖರ್ಚು ಮಾಡಿದೆವು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿಂದ ತಂದ ಮೂರು ಬಗೆಯ ದೂರಮಾಪಕ ಸೆನ್ಸರ್‌ಗಳನ್ನು ತಾಲೀಮಿನಲ್ಲೂ ಪ್ರದರ್ಶನಗಳಲ್ಲೂ ಬಳಸಿ ನೋಡಿದ್ದೇವೆ: ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ (ಕಿವಿಗೆ ಕೇಳಿಸದ ಸದ್ದಿನಿಂದ ಅಳೆಯುವುದು), ವಿಎಲ್53ಎಲ್0ಎಕ್ಸ್ ಎಂಬ ಪುಟ್ಟ ಲೇಸರ್, ಶಾರ್ಪ್ ಕಂಪನಿಯ ಜಿಪಿ2ವೈ0ಎ41 ಎಂಬ ಅತಿಗೆಂಪು ಸೆನ್ಸರ್. ರಂಗಭೂಮಿಗೆ ಅಥವಾ ಸಂಗೀತ ಕಚೇರಿಗೆ ಇಂಥದ್ದನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವವರಿಗಾಗಿ ಈ ವಿಮರ್ಶೆ.

ಈ ಮೂರನ್ನೂ ಹೋಲಿಸುವ ವಿಡಿಯೊಗಳು ಬೇಕಾದಷ್ಟಿವೆ. ಎಲ್ಲರೂ ನೋಡುವುದು ಎಷ್ಟು ದೂರ ಅಳೆಯುತ್ತದೆ, ಎಷ್ಟು ನಿಖರ ಎನ್ನುವುದನ್ನು. ರೋಬಾಟ್ ಕಟ್ಟುವವರಿಗೆ ಅದು ಸರಿ. ಸಂಗೀತಕ್ಕೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಎದುರಿಗೆ ಏನೂ ಇಲ್ಲದಾಗ ಈ ಸೆನ್ಸರ್ ಏನು ಹೇಳುತ್ತದೆ? ಕೈ ಹತ್ತಿರವಿರುವಾಗ ಮೂರೂ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಕೈ ಆಚೆ ಸರಿದ ಆ ಗಳಿಗೆಯಲ್ಲಿ ನಾದ ನಯವಾಗಿ ಇಳಿಯುತ್ತದೋ, ನೆಗೆಯುತ್ತದೋ, ಸಿಕ್ಕಿಕೊಳ್ಳುತ್ತದೋ ಎನ್ನುವುದರಲ್ಲಿ ವಾದ್ಯದ ಯೋಗ್ಯತೆ ತಿಳಿಯುತ್ತದೆ.

ಮುಟ್ಟದೆ ನುಡಿಸುವ ವಾದ್ಯಗಳಿಗೆಲ್ಲ ಹಿರಿಯಣ್ಣನಾದ ಥೆರೆಮಿನ್ ಈ ಪ್ರಶ್ನೆಗೆ ತನ್ನದೇ ಉತ್ತರ ಕೊಟ್ಟಿತ್ತು. ರಷ್ಯಾದ ಲೆವ್ ತೆರ್ಮೆನ್ 1920ರ ಸುಮಾರಿಗೆ ಮಾಡಿದ, 1928ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಆ ಪೆಟ್ಟಿಗೆಗೆ ಎರಡು ಆಂಟೆನಾಗಳು. ನೆಟ್ಟಗೆ ನಿಂತ ಕಡ್ಡಿ ಸ್ವರಕ್ಕೆ, ಬಳೆಯಂತೆ ಬಾಗಿದ್ದು ಧ್ವನಿಯ ಪ್ರಮಾಣಕ್ಕೆ. ಬಳೆಯಿಂದ ಕೈ ದೂರವಾದರೆ ಸದ್ದು ಏರುತ್ತದೆ, ಮೌನ ಬೇಕೆಂದರೆ ಕೈಯನ್ನು ಹತ್ತಿರ ತರಬೇಕು. ಅಂದರೆ ಮೌನವೂ ನುಡಿಸುವವರ ಕೈಯಲ್ಲೇ ಇರಬೇಕು. ಪಿಟೀಲು ಬಿಟ್ಟು ಥೆರೆಮಿನ್ ಹಿಡಿದ ಕ್ಲಾರಾ ರಾಕ್‌ಮೋರ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿದರೆ, ಎರಡು ಸ್ವರಗಳ ನಡುವೆ ಬಳೆಯ ಬಳಿಯ ಆ ಎಡಗೈ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸ್ಟೈಮ್ ಎಂಬ ಎಲೆಕ್ಟ್ರಾನಿಕ್ ಸಂಗೀತ ಸಂಸ್ಥೆಯ ಮಿಶೆಲ್ ವೈಸ್‌ವಿಸ್ 1984ರಲ್ಲಿ ಎರಡೂ ಕೈಗಳಿಗೆ ಕಟ್ಟಿಕೊಳ್ಳುವ ವಾದ್ಯ ಮಾಡಿ, ಕೈಗಳ ನಡುವಿನ ಅಂತರವನ್ನು ಅಲ್ಟ್ರಾಸಾನಿಕ್‌ನಿಂದ ಅಳೆದರು. ಅಲ್ಲಿ ಅಳೆಯುವ ವಸ್ತು ಎಂದೂ ಕಾಣೆಯಾಗುವುದಿಲ್ಲ, ಇನ್ನೊಂದು ಕೈ ಯಾವಾಗಲೂ ಎದುರಿಗಿರುತ್ತದೆ. ಈ ವಿಚಾರವನ್ನು ಮುಂದೆ ಮತ್ತೆ ಎತ್ತುತ್ತೇನೆ.

ಮೊದಲಿಗೆ ಎಚ್‌ಸಿ-ಎಸ್‌ಆರ್04. ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ, ಎಲ್ಲ ಅಂಗಡಿಗಳಲ್ಲೂ ಇದೆ. ಎರಡು ಕಣ್ಣುಗಳಂತಿರುವ ಲೋಹದ ಡಬ್ಬಿಗಳಲ್ಲಿ ಒಂದು 40 ಕಿಲೊಹರ್ಟ್ಸ್‌ನ ಸದ್ದನ್ನು ಎಂಟು ಬಡಿತಗಳಲ್ಲಿ ಬಿಡುತ್ತದೆ, ಇನ್ನೊಂದು ಮಾರ್ದನಿಗೆ ಕಾಯುತ್ತದೆ. 2 ಸೆಂಟಿಮೀಟರಿನಿಂದ 4 ಮೀಟರ್‌ವರೆಗೆ ಅಳೆಯುತ್ತದೆ ಎಂದು ಅದರ ವಿವರಪತ್ರ ಹೇಳುತ್ತದೆ. ನಮ್ಮ ಉಪಯೋಗ ಹೀಗಿತ್ತು: ನಟ ರಂಗದ ಮುಂಚೂಣಿಗೆ ನಡೆದು ಬಂದಷ್ಟೂ ಮಳೆ ಜೋರಾಗಬೇಕು. ಸೆನ್ಸರನ್ನು ರಂಗದ ಅಂಚಿನಲ್ಲಿ ಸೊಂಟದ ಎತ್ತರಕ್ಕೆ ಮೇಲ್ಮುಖವಾಗಿ ಓರೆ ಮಾಡಿ ಇಟ್ಟೆವು. ಹದಿನೈದು ಡಿಗ್ರಿಯ ಕೋನ ಎಂದರೆ ಮೂರು ಮೀಟರ್ ದೂರದಲ್ಲಿ ಸುಮಾರು 80 ಸೆಂಟಿಮೀಟರ್ ಅಗಲದ ದಾರಿ. ನಟ ಆ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಹೋದರೆ ಸೆನ್ಸರಿಗೆ ಆತ ಇಲ್ಲವೇ ಇಲ್ಲ.

ಬೆತ್ತದ ಗುರಾಣಿ ಹಿಡಿದವನು ಬಂದಾಗ ಇದು ಸೊಗಸಾಗಿ ಕೆಲಸ ಮಾಡಿತು. ಕಂಬಳಿ ಹೊದ್ದ ಕುರುಬನ ಪಾತ್ರಧಾರಿ ಬಂದಾಗ ಮಳೆ ತಬ್ಬಿಬ್ಬಾಯಿತು. ಉಣ್ಣೆಯ ದಪ್ಪ ಬಟ್ಟೆ ಆ ಸೂಕ್ಷ್ಮ ಸದ್ದನ್ನು ನುಂಗಿಬಿಡುತ್ತದೆ, ಮಾರ್ದನಿ ಮರಳುವುದಿಲ್ಲ. ಮಾರ್ದನಿ ಬಾರದಿದ್ದಾಗ ಈ ಸೆನ್ಸರ್ ತನ್ನ ಗಡುವು ಮುಗಿಯುವವರೆಗೆ ಸುಮ್ಮನೆ ಕಾಯುತ್ತದೆ. ಅದನ್ನು ಓದುವ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಲ್ಸ್‌ಇನ್ ಎಂಬ ಸಿದ್ಧ ಆಜ್ಞೆಗೆ ಬೇರೆ ಗಡುವು ಹೇಳದಿದ್ದರೆ ಒಂದು ಇಡೀ ಸೆಕೆಂಡಿನವರೆಗೂ ಕಾಯಲು ಅದಕ್ಕೆ ಅನುಮತಿ ಇದೆ. ಆ ಹೊತ್ತಿನಲ್ಲಿ ಅದೇ ಬೋರ್ಡಿಗೆ ಜೋಡಿಸಿದ ಉಳಿದ ಸೆನ್ಸರ್‌ಗಳೂ ಮೂಕ. ಗಡುವನ್ನು 25 ಮಿಲಿಸೆಕೆಂಡಿಗೆ ಕಟ್ಟಿದೆವು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ನಾಲ್ಕು ಮೀಟರ್ ಹೋಗಿ ಬರಲು ಅದಕ್ಕೆ ಅಷ್ಟು ಸಾಕು. ಮಾರ್ದನಿ ಬರದಿದ್ದರೆ ಹಿಂದಿನ ಅಳತೆಯನ್ನೇ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಮೆಲ್ಲನೆ ಕೆಳಗಿಳಿಸುವಂತೆ ಬರೆದೆವು. ಐದು ಓದುಗಳಲ್ಲಿ ನಡುವಿನದನ್ನು ಆರಿಸಿಕೊಳ್ಳುವ ಕ್ರಮವೂ ಬೇಕು, ಇಲ್ಲದಿದ್ದರೆ ಒಂಟಿ ಸುಳ್ಳು ಓದು ಸಿಡಿಲಿನಂತೆ ಕೇಳುತ್ತದೆ.

ಇನ್ನೊಂದು ತೊಡಕು ಮೇಳದವರಿಗೇ ವಿಶೇಷ. ಕಂಚಿನ ತಾಳವನ್ನು ಇದರ ಪಕ್ಕದಲ್ಲಿ ಹೊಡೆದರೆ ಓದು ಕೆಡುತ್ತದೆ. ಲೋಹದ ಝಣತ್ಕಾರದಲ್ಲಿ ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಸದ್ದೂ ಇರುತ್ತದೆ, ಸೆನ್ಸರಿಗೆ ಅದು ತನ್ನದೇ ಮಾರ್ದನಿಯಂತೆ ಕಾಣುತ್ತದೆ. ತಾಳದವರನ್ನು ಮೇಳದ ಇನ್ನೊಂದು ತುದಿಗೆ ಕೂರಿಸಿದೆವು. ಎರಡು ಅಲ್ಟ್ರಾಸಾನಿಕ್‌ಗಳನ್ನು ಒಟ್ಟಿಗೆ ಬಳಸುವವರು ಅವನ್ನು ಸರದಿಯಲ್ಲೇ ಕೂಗಿಸಬೇಕು, ಒಂದರ ಸದ್ದು ಇನ್ನೊಂದರ ಕಿವಿಗೆ ಬೀಳುತ್ತದೆ. ಎರಡು ಓದುಗಳ ನಡುವೆ 60 ಮಿಲಿಸೆಕೆಂಡು ಬಿಡಬೇಕೆಂಬ ಸಲಹೆ ವಿವರಪತ್ರದಲ್ಲೇ ಇದೆ. ಹಾಗೆ ಮಾಡಿದರೆ ಸೆಕೆಂಡಿಗೆ ಹದಿನಾರು ಓದುಗಳು. ಮಳೆ, ಗಾಳಿ, ಕಡಲಿನಂಥ ನಿಧಾನದ ಸದ್ದಿಗೆ ಅಷ್ಟು ಸಾಕು. ಸ್ವರಕ್ಕೆ ಸಾಲದು.

ವಿಎಲ್53ಎಲ್0ಎಕ್ಸ್ ನೋಡಲು ಉಗುರಿನಷ್ಟು. ಬೋರ್ಡಿನ ಸಮೇತ ಕೆಲವು ನೂರು ರೂಪಾಯಿ. ಎಸ್‌ಟಿ ಕಂಪನಿಯ ಈ ಚಿಪ್ಪು 940 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟು, ಅದು ಹೋಗಿ ಬರುವ ಕಾಲವನ್ನೇ ಅಳೆಯುತ್ತದೆ. ಎರಡು ಮೀಟರ್‌ವರೆಗೆ ನೋಡಬಲ್ಲದು, ವೇಗದ ವಿಧಾನದಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಉತ್ತರ ಕೊಡುತ್ತದೆ. ಸಂಖ್ಯೆಗಳು ಮಿಲಿಮೀಟರಿನಲ್ಲಿ ನೇರವಾಗಿ ಬರುತ್ತವೆ, ಲೆಕ್ಕದ ತಲೆನೋವಿಲ್ಲ. ಹಿಂದೂಸ್ತಾನಿ ಹಾಡುವವರ ಕೈ ಹಾಡಿನ ಜೊತೆಯಲ್ಲೇ ಗಾಳಿಯಲ್ಲಿ ಆಡುತ್ತಿರುತ್ತದಲ್ಲ, ಅದನ್ನು ಹಿಡಿಯಬೇಕೆಂದು ನಮ್ಮ ಗಾಯಕಿಯ ಬಲಮಗ್ಗುಲಲ್ಲಿ ಇದನ್ನು ಮೇಲ್ಮುಖವಾಗಿ ಇಟ್ಟೆವು. ಕೈ ಏರಿದಂತೆ ತಂಬೂರಿಯ ಮಂದ್ರ ತೆರೆದುಕೊಳ್ಳಬೇಕು.

ಮನೆಯಲ್ಲಿ ಅದು ನಿಜಕ್ಕೂ ಸುಂದರವಾಗಿತ್ತು. ಆಲಾಪದಲ್ಲಿ ಅವರ ಕೈ ಮೇಲೇಳುವಾಗ ಕೆಳಗಿನ ಷಡ್ಜ ಹರಡಿಕೊಂಡದ್ದನ್ನು ಕೇಳಿ ನಾವೆಲ್ಲ ಸುಮ್ಮನಾದೆವು. ಆದರೆ ಕೈ ಪಕ್ಕಕ್ಕೆ ಸರಿದ ಕೂಡಲೇ ಚಿಪ್ಪು 8190 ಎಂಬ ಸಂಖ್ಯೆ ಕಳಿಸುತ್ತದೆ. ಎದುರಿಗೆ ಏನೂ ಕಾಣುತ್ತಿಲ್ಲ ಎಂದು ಅದರ ಅರ್ಥ. ಅದನ್ನು ದೂರವೆಂದೇ ಓದಿಕೊಂಡರೆ ಕೈ ಎಂಟು ಮೀಟರ್ ಮೇಲೆ ಹಾರಿದಂತೆ. ಆ ಸಂಖ್ಯೆಯನ್ನು ಗುರುತಿಸಿ ಬದಿಗಿಡುವುದು ಸುಲಭ, ನಾದಕ್ಕೆ ಏನಾಗಬೇಕೆಂದು ತೀರ್ಮಾನಿಸುವುದು ಕಷ್ಟ. ಹಾಡುವವರ ಕೈಗೆ ಸೆನ್ಸರಿನ ಮೇಲೇ ಇರಬೇಕೆಂಬ ಕಟ್ಟಳೆ ಹಾಕಿದರೆ ಹಾಡು ಕೆಡುತ್ತದೆ. ಗಾಯಕಿ ನೇರವಾಗಿ ಹೇಳಿದರು: "ನನ್ನ ಕೈ ಎಲ್ಲಿದೆ ಎಂದು ನೆನಪಿಟ್ಟುಕೊಂಡು ನನಗೆ ಹಾಡಲು ಆಗುವುದಿಲ್ಲ ಮೇಷ್ಟ್ರೇ." ಆ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ, ಇರಬಾರದು ಕೂಡ. ಜೊತೆಗೆ ಹಳೆಯ ರಂಗಮಂದಿರಗಳ ಹ್ಯಾಲೊಜನ್ ದೀಪಗಳು ಅತಿಗೆಂಪು ಬೆಳಕನ್ನು ಧಾರಾಳವಾಗಿ ಸುರಿಯುತ್ತವೆ. ನೇರ ಬೆಳಕಿನಡಿ ಈ ಸೆನ್ಸರಿನ ದೃಷ್ಟಿ ಎದ್ದು ಕಾಣುವಷ್ಟು ಕುಗ್ಗಿತು. ಎಲ್‌ಇಡಿ ದೀಪಗಳಿರುವ ಸಭಾಂಗಣದಲ್ಲಿ ಈ ತೊಂದರೆ ಕಾಣಲಿಲ್ಲ. ಕುಳಿತಲ್ಲೇ ಕೈಯಾಡಿಸಿ ನುಡಿಸುವ, ಬೇರೆ ವಾದ್ಯ ಹಿಡಿಯದ ಎಲೆಕ್ಟ್ರಾನಿಕ್ ಸಂಗೀತಗಾರರಿಗೆ ಇದು ಮೂರರಲ್ಲಿ ಅತ್ಯುತ್ತಮ. ಮೇಳಕ್ಕೆ ಅಲ್ಲ.

ಇನ್ನು ಶಾರ್ಪ್. ಬೆಲೆ ಉಳಿದೆರಡಕ್ಕಿಂತ ಹೆಚ್ಚು. ಅತಿಗೆಂಪು ಕಿರಣ ಎದುರಿನ ವಸ್ತುವಿಗೆ ತಾಗಿ ಯಾವ ಕೋನದಲ್ಲಿ ಮರಳುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕಿ, ಅದನ್ನು ವೋಲ್ಟೇಜಾಗಿ ಹೊರಗೆ ಕೊಡುತ್ತದೆ. 41 ಸಂಖ್ಯೆಯದು 4ರಿಂದ 30 ಸೆಂಟಿಮೀಟರ್ ಅಳೆಯುತ್ತದೆ, ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಹೊಸ ಓದು. ಹತ್ತಿರದಲ್ಲಿ ಎರಡೂವರೆ ವೋಲ್ಟಿನ ಮೇಲೆ, 30 ಸೆಂಟಿಮೀಟರಿನಲ್ಲಿ ಅರ್ಧ ವೋಲ್ಟಿನ ಕೆಳಗೆ. ಎದುರಿಗೆ ಏನೂ ಇಲ್ಲದಾಗ ವೋಲ್ಟೇಜು ತಾನಾಗಿ ಕೆಳಗಿಳಿದು ಅಲ್ಲೇ ಸಣ್ಣಗೆ ನಡುಗುತ್ತಿರುತ್ತದೆ. ನೆಗೆತವಿಲ್ಲ, ಗುಪ್ತ ಸಂಖ್ಯೆಯಿಲ್ಲ. ನನ್ನ ಮೊದಲ ಪ್ರಶ್ನೆಗೆ ಮೂರರಲ್ಲಿ ಸಭ್ಯವಾಗಿ ಉತ್ತರಿಸಿದ್ದು ಇದೊಂದೇ. ಇದರ ದೋಷ ಇನ್ನೊಂದು ಕಡೆಯಲ್ಲಿದೆ: 4 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ವೋಲ್ಟೇಜು ಮತ್ತೆ ಇಳಿಯತೊಡಗುತ್ತದೆ. ಅತಿ ಹತ್ತಿರ ಬಂದದ್ದನ್ನು ದೂರ ಹೋಯಿತೆಂದು ತಿಳಿಯುತ್ತದೆ. ಹಾಗಾಗಿ ಅಷ್ಟು ಹತ್ತಿರ ಏನೂ ಬಾರದಂತೆ ಸೆನ್ಸರನ್ನು ಒಂದು ಮರದ ಚೌಕಟ್ಟಿನೊಳಗೆ ಹಿಂದಕ್ಕೆ ಕೂರಿಸಬೇಕು.

ಗಾಯಕಿಯ ಮಾತು ಕೇಳಿದ ಮೇಲೆ ಗಾಳಿಯಲ್ಲಿ ಆಡುವ ಕೈಯನ್ನು ಬಿಟ್ಟು, ಎಂದೂ ಎದುರಿನಿಂದ ಹೋಗದ ವಸ್ತುವನ್ನು ಹುಡುಕಿದೆ. ಅದು ನನ್ನ ಎಡಗೈಯ ಕೆಳಗೇ ಇತ್ತು: ತಿದಿಯ ಹಲಗೆ. ಹಾರ್ಮೋನಿಯಂನ ಹಿಂಬದಿಯ ತಿದಿ ತೆರೆದು ಮುಚ್ಚುವಾಗ ಹಲಗೆಯ ಮೇಲಂಚು ನನ್ನ ಪೆಟ್ಟಿಗೆಯಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಓಡಾಡುತ್ತದೆ. ಶಾರ್ಪಿನ ಅಳತೆಗೆ ಅದು ಹೇಳಿ ಮಾಡಿಸಿದ ದೂರ. ಸಣ್ಣ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸೆನ್ಸರನ್ನು ಹಲಗೆಯ ಎದುರು ನಿಲ್ಲಿಸಿ, ನನ್ನ ಬೆರಳುಗಳು ಅಡ್ಡ ಬಾರದ ಮೂಲೆಗೆ ಗುರಿಯಿಟ್ಟೆವು. ಪಾಲಿಶ್ ಮಾಡಿದ ಮರ ಹೊಳೆಯುತ್ತದೆ, ಹೊಳಪು ಕಿರಣವನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಆ ಮೂಲೆಗೆ ಹೊಳಪಿಲ್ಲದ ಬಿಳಿ ರಟ್ಟಿನ ತುಂಡೊಂದನ್ನು ಅಂಟಿಸಿದ ಮೇಲೆ ಓದು ಸ್ಥಿರವಾಯಿತು.

ಹಲಗೆಯ ದೂರವನ್ನು ನೇರವಾಗಿ ತಂಬೂರಿಯ ಪ್ರಮಾಣಕ್ಕೆ ಜೋಡಿಸಿದರೆ ಪ್ರತಿ ಒತ್ತಿಗೂ ನಾದ ಏರಿಳಿದು ತೂಗಾಡುತ್ತದೆ. ಕೆಲವು ದೃಶ್ಯಗಳಿಗೆ ಅದೂ ಬೇಕು. ನಮಗೆ ಬೇಕಾದದ್ದು ತಿದಿಯ ಸ್ಥಾನಕ್ಕಿಂತ ತಿದಿಯ ಶ್ರಮ. ಆದ್ದರಿಂದ ಹಲಗೆ ಎಷ್ಟು ಬೇಗ ಚಲಿಸುತ್ತಿದೆ ಎನ್ನುವುದನ್ನು ಲೆಕ್ಕ ಹಾಕಿದೆವು. ಇಲ್ಲಿ ಒಂದು ಎಚ್ಚರ. ಶಾರ್ಪಿನ ವೋಲ್ಟೇಜು ದೂರದ ಜೊತೆ ಸರಳ ರೇಖೆಯಲ್ಲಿ ಬದಲಾಗುವುದಿಲ್ಲ, ಹತ್ತಿರದಲ್ಲಿ ಭಾರಿ ಬದಲಾವಣೆ, ದೂರದಲ್ಲಿ ಅಲ್ಪ. ಮೊದಲು ವೋಲ್ಟೇಜನ್ನು ಸೆಂಟಿಮೀಟರಿಗೆ ಪರಿವರ್ತಿಸಿ ಆಮೇಲೆ ವೇಗ ತೆಗೆಯಬೇಕು. ಇಲ್ಲದಿದ್ದರೆ ತೆರೆದ ತಿದಿ ಜೋರೆಂದೂ ಮುಚ್ಚಿದ ತಿದಿ ಸಪ್ಪೆಯೆಂದೂ ಕೇಳುತ್ತದೆ. ತಿದಿ ಎರಡೂ ತುದಿಗಳಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಆಗ ವೇಗ ಸೊನ್ನೆ. ಆ ಕ್ಷಣದಲ್ಲಿ ನಾದ ಕುಸಿಯದಂತೆ, ಏರುವುದು 200 ಮಿಲಿಸೆಕೆಂಡಿನಲ್ಲಿ, ಇಳಿಯುವುದು ಎರಡು ಸೆಕೆಂಡಿನಲ್ಲಿ ಎಂದು ಹೊಂದಿಸಿದೆವು. ಸೆನ್ಸರಿನ ಸಹಜ ನಡುಕವನ್ನು ಚಲನೆಯೆಂದು ತಿಳಿಯದಂತೆ ಒಂದು ಮಿತಿಗಿಂತ ಕೆಳಗಿನ ವೇಗವನ್ನೆಲ್ಲ ಸೊನ್ನೆಯಾಗಿಸಿದೆವು.

ಈ ಎರಡು ಸೆಕೆಂಡಿನ ಇಳಿತವನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ಹಾರ್ಮೋನಿಯಂನ ಒಳಗಿನ ತಿದಿಯಲ್ಲಿ ಉಳಿದ ಗಾಳಿ ಮುಗಿಯುವವರೆಗೆ ಸ್ವರ ಸಣ್ಣಗಾಗುತ್ತಾ ನಿಲ್ಲುತ್ತದಲ್ಲ, ತಂಬೂರಿಯೂ ಮಂದ್ರದ ಗುಂಗೂ ಅದರ ಜೊತೆಯಲ್ಲೇ ಅಡಗುತ್ತವೆ. ಮೆಲ್ಲಗೆ ಒತ್ತಿದರೆ ಅವು ಹಿಂದೆ ಸರಿಯುತ್ತವೆ, ಕಂದಪದ್ಯ ಮುಗಿದು ಹಾಡು ಏರುವಾಗ ತುಂಬಿ ಬರುತ್ತವೆ. ಯಾರಿಗೂ ಸನ್ನೆ ಮಾಡಬೇಕಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಹಿರಿಯರಾದ ನಮ್ಮ ತಬಲಾ ವಾದಕರು ಯಂತ್ರದ ತಂಬೂರಿ ಒಂದೇ ಸಮನೆ ಅರಚುತ್ತದೆಂದು ಎಂದಿನಿಂದಲೂ ಆಕ್ಷೇಪಿಸುತ್ತಿದ್ದವರು. ತಾಲೀಮು ಮುಗಿದ ಮೇಲೆ "ಇದಕ್ಕೆ ಉಸಿರಿದೆಯಪ್ಪ" ಎಂದರು. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದಂದಿನಿಂದ ಯಂತ್ರದ ಶ್ರುತಿಪೆಟ್ಟಿಗೆ ನಮ್ಮ ಸಂಗೀತದ ಮನೆಮಾತು. ಅದರ ಅಚಲತೆ ಸಾಧನೆಗೆ ವರ, ಅಭ್ಯಾಸಕ್ಕೆ ಕುಳಿತಾಗ ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ. ನಾಟಕದಲ್ಲಿ ಮಾತ್ರ ಶ್ರುತಿಯೂ ಪಾತ್ರಗಳ ಜೊತೆ ಏರಿಳಿಯಬೇಕು. ದಿನಬಳಕೆಯ ವಸ್ತುಗಳ ಸದ್ದನ್ನೂ ರಂಗಸಂಗೀತಕ್ಕೆ ಕರೆತಂದ ಬಿ.ವಿ. ಕಾರಂತರ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉಳಿದ ಸಾಮಾನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೋರ್ಡು ಕೊಳ್ಳುವಾಗ 32ಯು4 ಚಿಪ್ಪಿನ ಪ್ರೊ ಮೈಕ್ರೊ ಅಥವಾ ಲಿಯೊನಾರ್ಡೊ ಕೇಳಿ. ಇವು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ನೇರವಾಗಿ ಮಿಡಿ (ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ) ವಾದ್ಯವಾಗಿಯೇ ಕಾಣಿಸಿಕೊಳ್ಳುತ್ತವೆ. ಎಲ್ಲರ ಬಳಿ ಇರುವ ಆರ್ಡುಯಿನೊ ಯುನೊ ಬೋರ್ಡಿನಲ್ಲಿ ಅದು ಸುಲಭವಲ್ಲ. ಮಿಡಿಯ ಒಂದು ನಿಯಂತ್ರಣ ಸಂದೇಶದಲ್ಲಿ 0ರಿಂದ 127ರವರೆಗೆ ಮಾತ್ರ ಮೆಟ್ಟಿಲುಗಳು, ಧ್ವನಿಯನ್ನು ನಿಧಾನವಾಗಿ ತೆರೆಯುವಾಗ ಆ ಮೆಟ್ಟಿಲುಗಳು ಕಿವಿಗೆ ಕೇಳುತ್ತವೆ. ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ, ಹೊಸ ಸಂಖ್ಯೆ ಬಂದಾಗ ಅದಕ್ಕೆ ನೆಗೆಯದೆ 50 ಮಿಲಿಸೆಕೆಂಡಿನಲ್ಲಿ ಜಾರಿ ಹೋಗುವಂತೆ ಮಾಡಿದ ಮೇಲೆ ಅದು ಮಾಯವಾಯಿತು.

ತಂತಿಯ ವಿಚಾರ ಸ್ವಲ್ಪ ಗಂಭೀರ. ಶಾರ್ಪಿನದು ವೋಲ್ಟೇಜು, ಉದ್ದ ತಂತಿಯಲ್ಲಿ ದೀಪಗಳ ಡಿಮ್ಮರಿನ ಗುಂಯ್‌ಗುಡುವಿಕೆ ಅದರೊಳಗೆ ನುಸುಳುತ್ತದೆ. ಬೋರ್ಡನ್ನು ಸೆನ್ಸರಿನ ಹತ್ತಿರವೇ ಇಟ್ಟು, ಉದ್ದವನ್ನೆಲ್ಲ ಯುಎಸ್‌ಬಿ ತಂತಿಗೆ ಬಿಡಿ. ಸೆನ್ಸರಿನ ಬುಡದಲ್ಲೇ 10 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಒಂದು ಇರಲಿ. ಮೈಕಿನ ತಂತಿಯಲ್ಲಿ ಸರಿಯಾಗಿ ಮೂರು ಎಳೆಗಳಿವೆ, ಸೆನ್ಸರಿಗೂ ಮೂರೇ ಬೇಕು ಎಂದು ಕೆಲವರು ಅದನ್ನೇ ಬಳಸುತ್ತಾರೆ. ದಯವಿಟ್ಟು ಆ ಮೈಕ್ ಪ್ಲಗ್ಗುಗಳನ್ನು ಹಾಕಬೇಡಿ. ಪ್ರದರ್ಶನದ ಗಡಿಬಿಡಿಯಲ್ಲಿ ಯಾರಾದರೂ ಅದನ್ನು ಮಿಕ್ಸರಿಗೆ ಚುಚ್ಚಿದರೆ, ಕಂಡೆನ್ಸರ್ ಮೈಕುಗಳಿಗೆಂದು ಅಲ್ಲಿ ಹರಿಯುವ 48 ವೋಲ್ಟ್ 5 ವೋಲ್ಟಿನ ಸೆನ್ಸರಿನ ಜೀವ ತೆಗೆಯಬಹುದು. ವಿಎಲ್53ಎಲ್0ಎಕ್ಸ್‌ನ ಐ2ಸಿ ಎಂಬ, ಬೋರ್ಡಿಗೆ ಸಂಖ್ಯೆ ಕಳಿಸುವ ಸಂಪರ್ಕವಂತೂ ಮೀಟರುಗಟ್ಟಲೆ ತಂತಿಗೆಂದು ಮಾಡಿದ್ದಲ್ಲ.

ಎಸ್‌.ಪಿ. ರಸ್ತೆಯ ಬಗ್ಗೆಯೂ ಹೇಳಬೇಕು. ಬಿಡಿಭಾಗವನ್ನು ಕೈಯಲ್ಲಿ ಹಿಡಿದು ನೋಡಿ, ಒಂದೇ ಒಂದನ್ನೂ ಕೊಳ್ಳಬಹುದಾದ ಜಾಗ ಅದು. ನನ್ನಂಥ ಊರಿನವರಿಗೆ ಒಂದು ಭೇಟಿಯಲ್ಲಿ ಸೆನ್ಸರು, ತಂತಿ, ಡಬ್ಬಿ, ಸ್ಕ್ರೂ ಎಲ್ಲವೂ ಮುಗಿಯುತ್ತವೆ. ಶಾರ್ಪ್ ಕೇಳುವಾಗ ಮಾತ್ರ ಪೂರ್ತಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತೋರಿಸಿ. 41, 21, 02 ಎಂಬ ಮೂರು ಬಗೆಗಳು ಒಂದೇ ಮನೆತನದವು, ಅಂಗಡಿಯ ಗಡಿಬಿಡಿಯಲ್ಲಿ ಬದಲಾಗಿಬಿಡುತ್ತವೆ. 21ರದು 10ರಿಂದ 80 ಸೆಂಟಿಮೀಟರ್, 02ರದು 20ರಿಂದ 150. ಒಂದು ಅಂಗಡಿಯವರು 41 ಎಂದು ಹೇಳಿ ನನಗೆ 02 ಕೊಟ್ಟಿದ್ದರು, ಬಿಲ್ಲಿನಲ್ಲೂ 41 ಎಂದೇ ಇತ್ತು. ಊರಿಗೆ ಬಂದ ಮೇಲೆ ಫೋನು ಮಾಡಿದರೆ ಬದಲಿಸಿಕೊಡಲು ಒಪ್ಪಲಿಲ್ಲ. ತಿದಿಯ ಎದುರು ಅದು ಕುರುಡು. ಸಂಖ್ಯೆ ಸೆನ್ಸರಿನ ಮೈಮೇಲೆಯೇ ಸಣ್ಣದಾಗಿ ಅಚ್ಚಾಗಿರುತ್ತದೆ, ಹಣ ಕೊಡುವ ಮೊದಲೇ ಓದಿಕೊಳ್ಳಿ.

ಹಾರ್ಮೋನಿಯಂ, ಕೈಯಿಂದ ಒತ್ತುವ ಶ್ರುತಿಪೆಟ್ಟಿಗೆ ಹೀಗೆ ತಿದಿಯಿರುವ ಯಾವುದೇ ವಾದ್ಯಕ್ಕೆ ಶಾರ್ಪ್ 41ನ್ನು ಯಾವ ಹಿಂಜರಿಕೆಯೂ ಇಲ್ಲದೆ ಕೊಳ್ಳಿ ಎನ್ನುತ್ತೇನೆ. ಐದಕ್ಕೆ ಐದು ಅಂಕ. ನಟರ ಚಲನೆಗೆ ಮಳೆಗಾಳಿಯನ್ನು ಜೋಡಿಸುವವರಿಗೆ ಎಚ್‌ಸಿ-ಎಸ್‌ಆರ್04 ಸಾಕು, ಮೊದಲು ವಸ್ತ್ರವಿನ್ಯಾಸ ಮಾಡುವವರ ಜೊತೆ ಕುಳಿತು ಯಾರು ಏನು ಉಡುತ್ತಾರೆಂದು ಕೇಳಿಕೊಳ್ಳಿ. ಮೂರು ಅಂಕ. ವಿಎಲ್53ಎಲ್0ಎಕ್ಸ್‌ಗೆ ನನ್ನ ಮೇಳದಲ್ಲಿ ಎರಡು, ಒಬ್ಬರೇ ಕುಳಿತು ನುಡಿಸುವವರ ಮೇಜಿನ ಮೇಲೆ ನಾಲ್ಕು. ಯಾವುದನ್ನೇ ಕೊಂಡರೂ ಅದೇ ಸಂಖ್ಯೆಯ ಇನ್ನೊಂದನ್ನು ಪರೀಕ್ಷಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ಮತ್ತು ಸೆನ್ಸರನ್ನು ಬದಿಗಿಟ್ಟು ತಂಬೂರಿಯನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಸಾದಾ ಸ್ವಿಚ್ಚೊಂದನ್ನು ಮೊಣಕಾಲಿನ ಪಕ್ಕದಲ್ಲಿ ಅಳವಡಿಸಿಕೊಳ್ಳಿ. ಮುಂದಿನ ನಾಟಕಕ್ಕೆ ತಿದಿಯ ವೇಗದಿಂದ ಗುಡುಗನ್ನೂ ನಡೆಸುವ ಯೋಚನೆಯಿದೆ, ಅದಕ್ಕಾಗಿ ಎರಡನೆಯ 41ನ್ನು ಈಗಾಗಲೇ ತರಿಸಿದ್ದೇನೆ.